ಟ್ರ್ಯಾಕ್‌ಗೊಂದು ಪುಟ್ಟ ಹ್ಯಾಚ್‌ಬ್ಯಾಕ್: ಸ್ವಿಫ್ಟ್, ಪೋಲೊ, ಅಬಾರ್ಥ್ ಅಥವಾ ಹೊಸದೊಂದು?

ಮೂರು ಕಡೆಯಿಂದ ಬಂದಿರುವ ಪ್ರಶ್ನೆ ಮೇಲ್ನೋಟಕ್ಕೆ ಒಂದೇ: ವರ್ಷಕ್ಕೆ ನಾಲ್ಕಾರು ಬಾರಿ ಟ್ರ್ಯಾಕ್ ಡೇಗೆ, ಅಂದರೆ ನಮ್ಮದೇ ಕಾರನ್ನು ರೇಸ್ ಟ್ರ್ಯಾಕ್ ಮೇಲೆ ಓಡಿಸುವ ದಿನಕ್ಕೆ, ಹೋಗಲು ಯಾವ ಪುಟ್ಟ ಕಾರನ್ನು ಸಿದ್ಧಪಡಿಸಿಕೊಳ್ಳಬೇಕು? ಮೈಸೂರಿನವರೊಬ್ಬರ ಮನೆಯಲ್ಲಿ 2018ರ ಮಾದರಿಯ ಸ್ವಿಫ್ಟ್ ಇದೆ. ವಾರದ ಐದು ದಿನ ಅವರನ್ನು ಕಚೇರಿಗೆ ಮುಟ್ಟಿಸುವುದೂ ಅದೇ ಕಾರು. ಬೆಂಗಳೂರಿನ ಇಬ್ಬರು ಗೆಳೆಯರು ಸೇರಿ ಏಳು ಲಕ್ಷ ರೂಪಾಯಿ ಕೂಡಿಸಿಟ್ಟಿದ್ದಾರೆ. ಟ್ರ್ಯಾಕ್‌ಗೆಂದೇ ಒಂದು ಸೆಕೆಂಡ್ ಹ್ಯಾಂಡ್ ಪೋಲೊ ಅಥವಾ ಫಿಯಟ್ ಕಂಪನಿಯ ಅಬಾರ್ಥ್ ಪುಂಟೊ ಕೊಳ್ಳುವ ಆಸೆ ಅವರದು. ಹುಬ್ಬಳ್ಳಿಯವರೊಬ್ಬರು ಹೇಗೂ ಹೊಸ ಕಾರು ಕೊಳ್ಳುವವರಿದ್ದು, ಐ20 ಎನ್ ಲೈನ್‌ಗೂ ಆಲ್ಟ್ರೋಜ್ ರೇಸರ್‌ಗೂ ನಡುವೆ ತೂಗಾಡುತ್ತಿದ್ದಾರೆ. ಮೂವರಿಗೂ ಒಂದೇ ಉತ್ತರ ಹೊಂದುವುದಿಲ್ಲ, ಆದರೆ ಉತ್ತರ ಹುಡುಕುವ ಅಳತೆಗೋಲುಗಳು ಮಾತ್ರ ಮೂವರಿಗೂ ಒಂದೇ.

ಅಳತೆಗೋಲಿಗೆ ಹೋಗುವ ಮೊದಲು ಒಂದು ಪುಟ್ಟ ಲೆಕ್ಕವನ್ನು ಮಾಡಿಬಿಡೋಣ. 2018ರ ಪೆಟ್ರೋಲ್ ಸ್ವಿಫ್ಟ್‌ಗೆ 83 ಅಶ್ವಶಕ್ತಿ, ತೂಕ ಸುಮಾರು 870 ಕಿಲೊ. ಪೋಲೊ ಜಿಟಿ ಟಿಎಸ್‌ಐ, ಅಂದರೆ 2013ರಲ್ಲಿ ಬಂದ 1.2 ಲೀಟರ್ ಟರ್ಬೊ ಕಾರಿಗೆ 105 ಅಶ್ವಶಕ್ತಿ, ತೂಕ ಸುಮಾರು 1,100 ಕಿಲೊ. ಭಾಗಿಸಿ ನೋಡಿದರೆ ಎರಡಕ್ಕೂ ಟನ್ನಿಗೆ ಹೆಚ್ಚುಕಡಿಮೆ 95 ಅಶ್ವಶಕ್ತಿಯೇ ಬರುತ್ತದೆ. ಹೆದ್ದಾರಿಯಲ್ಲಿ ಪೋಲೊ ಬಹಳ ಮುಂದೆ ಎನಿಸುವುದಕ್ಕೆ ಕಾರಣ ಅದರ 175 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ), ಅದೂ ಎಂಜಿನ್ ಇನ್ನೂ ನಿಧಾನವಾಗಿ ತಿರುಗುತ್ತಿರುವಾಗಲೇ ಸಿಗುವುದು. ಸ್ವಿಫ್ಟ್‌ನದು 113 ಮಾತ್ರ. ಟ್ರ್ಯಾಕ್‌ನಲ್ಲಾದರೋ ಎಂಜಿನ್ ಸದಾ ಮೇಲಿನ ವೇಗದಲ್ಲೇ ತಿರುಗುತ್ತಿರುತ್ತದೆ, ಆದ್ದರಿಂದ ಆ ಅಂತರ ನಾವು ಎಣಿಸಿದ್ದಕ್ಕಿಂತ ಕಡಿಮೆಯಾಗುತ್ತದೆ. ಸಂಜೆ ಕೂತು ಎರಡು ಕಾರುಗಳ ಅಶ್ವಶಕ್ತಿಯನ್ನು ಹೋಲಿಸಿ ತೀರ್ಮಾನಕ್ಕೆ ಬರುವವರು ಮೊದಲು ಎಡವುವುದು ಇಲ್ಲೇ.

ಮೊದಲು ಅಳೆಯಬೇಕಾದದ್ದು

ಮೊದಲ ಅಳತೆಗೋಲು, ಕಾರು ತನ್ನ ಚಕ್ರದ ಮೇಲೆಯೇ ಮನೆಗೆ ಹಿಂದಿರುಗಬೇಕೇ ಎಂಬುದು. ಕರ್ನಾಟಕದಲ್ಲಿ ರ‍್ಯಾಲಿಯ ಪರಂಪರೆ ದೊಡ್ಡದು. ಕೆ-1000 ರ‍್ಯಾಲಿಯ ಹೆಸರನ್ನು ಕೇಳದ ಮೋಟಾರು ಪ್ರಿಯರು ಇಲ್ಲಿ ವಿರಳ, ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆಯೂ ಸ್ಪರ್ಧೆಗಳು ನಡೆದಿವೆ. ಆದರೆ ಡಾಂಬರಿನ ಪೂರ್ಣ ಪ್ರಮಾಣದ ರೇಸ್ ಟ್ರ್ಯಾಕ್ ನಮ್ಮಲ್ಲಿಲ್ಲ. ಬೆಂಗಳೂರಿನವರು ಸುಮಾರು 300 ಕಿಲೊಮೀಟರ್ ದೂರದ, ಶ್ರೀಪೆರುಂಬುದೂರಿನ ಬಳಿಯ ಇರುಂಗಾಟ್ಟುಕೋಟ್ಟೈಗೆ ಹೋಗಬೇಕು, ಇಲ್ಲವೇ ಇನ್ನೂ ಐವತ್ತು ಅರವತ್ತು ಕಿಲೊಮೀಟರ್ ಹೆಚ್ಚು ಸಾಗಿ ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಗೆ ಹೋಗಬೇಕು. ನೋಯ್ಡಾ ಬಳಿಯ ಬುದ್ಧ ಸರ್ಕ್ಯೂಟ್ 5.125 ಕಿಲೊಮೀಟರ್ ಉದ್ದದ ಭವ್ಯ ಟ್ರ್ಯಾಕ್ ಆದರೂ ನಮಗೆ ಅದು ವರ್ಷಕ್ಕೊಮ್ಮೆಯ ಯಾತ್ರೆಯಷ್ಟೇ. ಭಾನುವಾರ ಸಂಜೆ ದಣಿದ ದೇಹದೊಂದಿಗೆ, ಕಾದು ತಣ್ಣಗಾದ ಬ್ರೇಕ್‌ಗಳೊಂದಿಗೆ, ಅದೇ ಕಾರನ್ನು ಮುನ್ನೂರು ಕಿಲೊಮೀಟರ್ ಓಡಿಸಿಕೊಂಡು ಬರಬೇಕಾದವರಿಗೂ, ಕಾರನ್ನು ಲಾರಿಯ ಮೇಲೆ ಹೇರಿಸಿಕೊಂಡು ಬರುವವರಿಗೂ ಬೇಕಾಗುವ ಕಾರುಗಳು ಬೇರೆ ಬೇರೆ.

ಎರಡನೆಯದು ಬಿಸಿ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಟ್ರ್ಯಾಕ್‌ನಲ್ಲಿ ಸಾಮಾನ್ಯ ಕಾರುಗಳು ಸೋಲುವುದು ಬಹುಪಾಲು ಇದರಿಂದಲೇ. ಚಾಲಕನೂ ಸೇರಿ ಒಂದು ಸಾವಿರ ಕಿಲೊ ತೂಗುವ ಕಾರು ಗಂಟೆಗೆ 140 ಕಿಲೊಮೀಟರಿನಿಂದ 60ಕ್ಕೆ ಇಳಿಯುವಾಗ ಆರು ನೂರು ಕಿಲೊಜೂಲ್‌ಗೂ ಮಿಕ್ಕ ಶಕ್ತಿ, ಮೂರು ಸೆಕೆಂಡಿನೊಳಗೆ, ಬಹುಪಾಲು ಮುಂದಿನ ಎರಡು ಡಿಸ್ಕ್‌ಗಳಲ್ಲಿ ಬಿಸಿಯಾಗಿ ಮಾರ್ಪಡುತ್ತದೆ. ಅಷ್ಟು ಶಕ್ತಿಯಿಂದ ಎರಡು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಹುದು. ಇದು ಒಂದು ತಿರುವಿನ ಲೆಕ್ಕ. ಒಂದು ಸುತ್ತಿಗೆ ಇಂತಹ ಮೂರು ನಾಲ್ಕು ತಿರುವುಗಳು, ಒಂದು ಸರದಿಗೆ ಹದಿನೈದು ಇಪ್ಪತ್ತು ನಿಮಿಷ. ಇನ್ನೂರು ಕಿಲೊ ಹೆಚ್ಚು ತೂಗುವ ಕಾರಿನಲ್ಲಿ ಬಿಸಿಯೂ ಐದನೆಯ ಒಂದು ಪಾಲು ಹೆಚ್ಚು. ಆದ್ದರಿಂದ ನಾನು ಕೇಳುವ ಪ್ರಶ್ನೆ ಮೂರನೆಯ ಸುತ್ತಿನಲ್ಲಿ ಕಾರು ಎಷ್ಟು ವೇಗವಾಗಿ ಹೋಯಿತು ಎಂಬುದಲ್ಲ. ಎಂಟನೆಯ ಸುತ್ತಿನಲ್ಲಿ ಬ್ರೇಕ್ ಪೆಡಲ್ ಮೂರನೆಯ ಸುತ್ತಿನಷ್ಟೇ ಗಟ್ಟಿಯಾಗಿತ್ತೇ ಎಂಬುದು.

ಮೂರನೆಯದು, ಒಂದು ದಿನದ ಸವೆತದ ಖರ್ಚು. ಪ್ಯಾಡ್, ಟೈರ್, ಎಂಜಿನ್ ಆಯಿಲ್, ಪೆಟ್ರೋಲ್ ಇವೆಲ್ಲವೂ ಕಾರಿನ ತೂಕ ಮತ್ತು ಶಕ್ತಿಯೊಂದಿಗೆ ಏರುತ್ತವೆ. ನಾಲ್ಕನೆಯದು, ಬಿಡಿಭಾಗ ಸಿಗುವ ಮಾತು: ಶನಿವಾರ ಸಂಜೆ ಮುರಿದ ಲೋವರ್ ಆರ್ಮ್ ಅನ್ನು ಭಾನುವಾರ ಬೆಳಿಗ್ಗೆ ಶ್ರೀಪೆರುಂಬುದೂರಿನಲ್ಲಿ ಹುಡುಕಬಹುದೇ? ಐದನೆಯದಾಗಿ, ಕಾನೂನು ಮತ್ತು ವಿಮೆ.

ಕಾನೂನಿನ ಮಾತನ್ನು ಇಲ್ಲಿಯೇ ಮುಗಿಸಿಬಿಡುತ್ತೇನೆ. ತಯಾರಕರು ನಮೂದಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯ ಬಳಿಕ, ಹೀಗೆ ಮಾರ್ಪಡಿಸಿದ ಮಾಲೀಕರಿಗೆ ಪ್ರತಿ ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಅದೇ ಅಳತೆಯ ಟೈರ್, ಪ್ಯಾಡ್, ಬ್ರೇಕ್ ಆಯಿಲ್ ಇವೆಲ್ಲ ಹೇಗೂ ಸವೆದು ಬದಲಾಗುವ ವಸ್ತುಗಳು. ಸೈಲೆನ್ಸರ್ ಕಿತ್ತುಹಾಕುವುದು, ಒಳಗೆ ಉಕ್ಕಿನ ಕೊಳವೆಗಳ ರೋಲ್ ಕೇಜ್ ಬೆಸೆಯುವುದು ಆ ಸಾಲಿಗೆ ಸೇರುವುದಿಲ್ಲ. ವಿಮೆಯ ವಿಷಯದಲ್ಲಿಯೂ ಭ್ರಮೆ ಬೇಡ: ನಮ್ಮ ಸಾಮಾನ್ಯ ಮೋಟಾರು ಪಾಲಿಸಿಗಳು ರೇಸಿಂಗ್ ಮತ್ತು ವೇಗ ಪರೀಕ್ಷೆಯನ್ನು ಹೊರಗಿಟ್ಟಿವೆ. ಟ್ರ್ಯಾಕ್‌ನಲ್ಲಿ ಗೋಡೆಗೆ ಗುದ್ದಿದರೆ ಕಾರಿನ ಪೂರ್ಣ ಬೆಲೆ ನಿಮ್ಮದೇ ನಷ್ಟ. ಕಳೆದುಕೊಳ್ಳಲು ಸಾಧ್ಯವಿಲ್ಲದ ಬೆಲೆಯ ಕಾರನ್ನು, ಅದರಲ್ಲೂ ಸಾಲದ ಕಂತು ಉಳಿದಿರುವ ಕಾರನ್ನು, ಟ್ರ್ಯಾಕ್‌ಗೆ ಇಳಿಸಬಾರದೆಂದು ನಾನು ಹೇಳುವುದು ಇದೇ ಕಾರಣಕ್ಕೆ.

ಸ್ವಿಫ್ಟ್

ಈ ಅಳತೆಗೋಲುಗಳ ಮುಂದೆ ಸ್ವಿಫ್ಟ್ ನಿಲ್ಲುವ ರೀತಿ ನನಗೆ ಇಂದಿಗೂ ಮೆಚ್ಚುಗೆ ತರುತ್ತದೆ. 2018ರ ಮಾದರಿ ಅದರ ಹಿಂದಿನ ತಲೆಮಾರಿಗಿಂತ ಗಣನೀಯವಾಗಿ ಹಗುರ, ನಾಲ್ಕು ಸಿಲಿಂಡರಿನ ಎಂಜಿನ್ ಮೇಲಿನ ವೇಗದಲ್ಲಿ ಹಿಂಜರಿಯದೆ ತಿರುಗುತ್ತದೆ, ಟರ್ಬೊ ಇಲ್ಲದ್ದರಿಂದ ಬಾನೆಟ್ಟಿನ ಕೆಳಗೆ ಬಿಸಿಯ ಮೂಲವೇ ಒಂದು ಕಡಿಮೆ. 2021ರಲ್ಲಿ ಶಕ್ತಿ 90ಕ್ಕೆ ಏರಿತು. 2024ರ ಮಾದರಿಯಲ್ಲಿ ಎಂಜಿನ್ ಮೂರು ಸಿಲಿಂಡರಿನದಾಗಿ, ಇಂಧನ ಉಳಿತಾಯದ ಕಡೆಗೆ ವಾಲಿತು. ಟ್ರ್ಯಾಕ್‌ಗೆಂದು ಹುಡುಕುವವರು 2018ರಿಂದ 2024ರ ನಡುವಿನ ಮ್ಯಾನುಯಲ್ ಗೇರಿನ ಕಾರನ್ನೇ ನೋಡುವುದು ಲೇಸು.

ಬಿಡಿಭಾಗದ ಮಾತಿನಲ್ಲಿ ಸ್ವಿಫ್ಟ್‌ಗೆ ಸರಿಸಾಟಿ ಇಲ್ಲ. ತಾಲ್ಲೂಕು ಕೇಂದ್ರದ ಅಂಗಡಿಯಲ್ಲಿಯೂ ಅದರ ವೀಲ್ ಬೇರಿಂಗ್ ಸಿಗುತ್ತದೆ. ಸಸ್ಪೆನ್ಷನ್ ಭಾಗಗಳಿಗೆ ಜಪಾನಿನ ಸ್ವಿಫ್ಟ್ ಸ್ಪೋರ್ಟ್‌ನ ದೊಡ್ಡ ಮಾರುಕಟ್ಟೆಯೇ ಇದೆ, ಆದರೆ ನಮ್ಮ ಕಾರೂ ಆ ಕಾರೂ ಎಲ್ಲ ಕಡೆ ಒಂದೇ ಅಳತೆಯವಲ್ಲವಾದ್ದರಿಂದ ತರಿಸುವ ಮುನ್ನ ಅಳೆದು ನೋಡಬೇಕು. ಕೊರತೆಗಳೂ ಇವೆ. ಹಿಂದೆ ಡ್ರಮ್ ಬ್ರೇಕ್, ಐದೇ ಗೇರ್. ಜೊತೆಗೆ ಟರ್ಬೊ ಇಲ್ಲದ ಎಂಜಿನ್ನಿನಿಂದ ಹೆಚ್ಚು ಶಕ್ತಿ ಹಿಂಡುವುದು ಬಲು ದುಬಾರಿ: ಏರ್ ಫಿಲ್ಟರ್, ಎಕ್ಸಾಸ್ಟ್, ರೀಮ್ಯಾಪ್ (ಎಂಜಿನ್ನಿನ ತಂತ್ರಾಂಶ ತಿದ್ದುವುದು) ಮೂರೂ ಸೇರಿ ತರುವುದು ಬೆರಳೆಣಿಕೆಯ ಅಶ್ವಶಕ್ತಿಯನ್ನು ಮಾತ್ರ. ಡ್ರಮ್ ಬಗ್ಗೆ ಅತಿಯಾಗಿ ಚಿಂತಿಸಬೇಕಿಲ್ಲ, ಮುಂಚಕ್ರ ಚಾಲಿತ ಕಾರಿನಲ್ಲಿ ಬ್ರೇಕಿನ ಮುಕ್ಕಾಲು ಕೆಲಸ ಮುಂದೆಯೇ ನಡೆಯುತ್ತದೆ.

ಕರಿ ಸ್ಪೀಡ್‌ವೇಯಂತಹ 2.1 ಕಿಲೊಮೀಟರಿನ ಬಿಗಿ ತಿರುವುಗಳ ಟ್ರ್ಯಾಕ್‌ನಲ್ಲಿ ಸ್ವಿಫ್ಟ್‌ನ ಹಗುರತನ ಎದ್ದು ಕಾಣುತ್ತದೆ. ಇರುಂಗಾಟ್ಟುಕೋಟ್ಟೈಯ 3.717 ಕಿಲೊಮೀಟರಿನ ಟ್ರ್ಯಾಕ್‌ನ ನೇರ ಓಟಗಳಲ್ಲಿ ಟರ್ಬೊ ಕಾರುಗಳು ದಾಟಿ ಹೋಗುವುದನ್ನು ನೋಡುವ ತಾಳ್ಮೆ ಬೇಕು. ಹೊಸಬರಿಗೆ ಅದೂ ಒಂದು ಲಾಭವೇ, ತಿರುವಿನಲ್ಲಿ ಕಳೆದುಕೊಂಡ ವೇಗವನ್ನು ಟರ್ಬೊ ಮುಚ್ಚಿಹಾಕುವುದಿಲ್ಲವಾದ್ದರಿಂದ ತಪ್ಪು ಎಲ್ಲಾಯಿತೆಂಬುದು ಅಲ್ಲಿಯೇ ತಿಳಿಯುತ್ತದೆ.

ಪೋಲೊ

ಪೋಲೊ ಎಂಬುದು ಒಂದೇ ಕಾರಲ್ಲ, ಎರಡು. 2013ರ ಜಿಟಿ ಟಿಎಸ್‌ಐಯಲ್ಲಿ 1.2 ಲೀಟರ್ ಎಂಜಿನ್ನಿಗೆ ಏಳು ಗೇರಿನ ಡಿಎಸ್‌ಜಿ, ಅಂದರೆ ಜೋಡಿ ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಜೋಡಿಸಲಾಗಿತ್ತು; ಅದರ ಎರಡೂ ಕ್ಲಚ್‌ಗಳು ಆಯಿಲ್‌ನಲ್ಲಿ ಮುಳುಗಿರದ ಒಣ ಕ್ಲಚ್‌ಗಳು. 2020ರಲ್ಲಿ ಬಂದ 1.0 ಲೀಟರ್ ಟಿಎಸ್‌ಐಗೆ 110 ಅಶ್ವಶಕ್ತಿ, ಟಾರ್ಕ್ ಅದೇ 175, ಜೊತೆಗೆ ಆರು ಗೇರಿನ ಮ್ಯಾನುಯಲ್. ಟ್ರ್ಯಾಕ್‌ಗೆ ನನ್ನ ಆಯ್ಕೆ ನಿಸ್ಸಂಶಯವಾಗಿ ಎರಡನೆಯದು. ಡಿಎಸ್‌ಜಿ ಗೇರ್ ಬದಲಿಸುವ ಚುರುಕುತನ ರಸ್ತೆಯಲ್ಲಿ ಸೊಗಸು. ಆದರೆ ಒಣ ಕ್ಲಚ್‌ಗೆ ತನ್ನ ಬಿಸಿಯನ್ನು ಬೇಗ ಬಿಟ್ಟುಕೊಡಲು ದಾರಿಯಿಲ್ಲ, ರೀಮ್ಯಾಪ್ ಮಾಡಿಸಿ ಟಾರ್ಕ್ ಏರಿಸಿದರಂತೂ ಅದರ ಮೇಲಿನ ಹೊರೆ ಇಮ್ಮಡಿಸಿದಂತೆ. ಮ್ಯಾನುಯಲ್ ಕಾರಿನಲ್ಲಿ ಕೆಡುವುದು ಹೆಚ್ಚೆಂದರೆ ಒಂದು ಕ್ಲಚ್ ಪ್ಲೇಟ್.

ಪೋಲೊ ಕೊಳ್ಳುವವರನ್ನು ಸೆಳೆಯುವುದೇ ರೀಮ್ಯಾಪ್. ಟರ್ಬೊ ಒತ್ತಡವನ್ನೂ ಇಗ್ನಿಷನ್ನಿನ ಹೊತ್ತನ್ನೂ ತಿದ್ದುವ ತಂತ್ರಾಂಶವೊಂದರಿಂದಲೇ ಇಪ್ಪತ್ತೈದು ಮೂವತ್ತು ಅಶ್ವಶಕ್ತಿ ಏರುತ್ತದೆಂಬುದು ಟ್ಯೂನರ್‌ಗಳ ಮಾತು, ಅದು ಸುಳ್ಳೇನೂ ಅಲ್ಲ. ಆದರೆ ಅದು ತಂಪಾದ ಬೆಳಗಿನಲ್ಲಿ, ಶಕ್ತಿ ಅಳೆಯುವ ಡೈನೋ ಯಂತ್ರದ ಕೋಣೆಯ ಅಂಕಿ. ಈ ಎಂಜಿನ್ನುಗಳಲ್ಲಿ ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ನೀರಿನಿಂದ ತಣಿಯುವ ಬಗೆಯದು, ಇನ್‌ಟೇಕ್ ಮ್ಯಾನಿಫೋಲ್ಡ್ ಒಳಗೇ ಅಡಗಿದೆ. ಮುಂದಿನ ಗ್ರಿಲ್ ಹಿಂದೆ ದೊಡ್ಡ ಇಂಟರ್‌ಕೂಲರ್ ಕೂರಿಸಿ ಕೈತೊಳೆದುಕೊಳ್ಳುವ ಸುಲಭದ ದಾರಿ ಇಲ್ಲಿಲ್ಲ. ಚೆನ್ನೈ ಬಿಸಿಲಿನಲ್ಲಿ ನಾಲ್ಕೈದು ಸುತ್ತು ಮುಗಿಯುವಷ್ಟರಲ್ಲಿ ಒಳಬರುವ ಗಾಳಿ ಬಿಸಿಯೇರಿ, ಎಂಜಿನ್ನಿನ ಕಂಪ್ಯೂಟರ್ ತನ್ನ ರಕ್ಷಣೆಗಾಗಿ ಶಕ್ತಿಯನ್ನು ತಾನೇ ತಗ್ಗಿಸುತ್ತದೆ. ಹಣ ಕೊಟ್ಟು ಏರಿಸಿಕೊಂಡ ಶಕ್ತಿ ಹೀಗೆ ಬೇಕಾದ ಹೊತ್ತಿನಲ್ಲೇ ಕೈಬಿಡುತ್ತದೆ.

ಇಷ್ಟಾದರೂ ಪೋಲೊ ಪರವಾಗಿ ಹೇಳಬೇಕಾದದ್ದು ಬಹಳಷ್ಟಿದೆ. ಅದರ ದೇಹ ಗಟ್ಟಿ, ವೇಗದ ತಿರುವಿನಲ್ಲಿ ಕಾರು ನೆಲ ಹಿಡಿದು ಸ್ಥಿರವಾಗಿ ನಿಲ್ಲುತ್ತದೆ. 2010ರಲ್ಲೇ ನಮ್ಮ ದೇಶದಲ್ಲಿ ಪೋಲೊ ಕಪ್ ರೇಸ್ ಸರಣಿ ಶುರುವಾದ್ದರಿಂದ ಈ ಕಾರನ್ನು ಟ್ರ್ಯಾಕ್‌ಗೆ ಹೊಂದಿಸಬಲ್ಲ ಕೈಗಳು ಕೊಯಮತ್ತೂರು, ಚೆನ್ನೈ, ಬೆಂಗಳೂರುಗಳಲ್ಲಿವೆ; ಯುರೋಪಿನಲ್ಲಿಯೂ ಮಾರಾಟವಾದ ಕಾರಾದ್ದರಿಂದ ಶಾಕ್ ಅಬ್ಸಾರ್ಬರ್, ಆಂಟಿ ರೋಲ್ ಬಾರ್, ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್‌ವರೆಗೆ ಎಲ್ಲವೂ ಅಲ್ಲಿ ಸಿದ್ಧವಾಗಿ ಸಿಗುತ್ತವೆ. 2022ರಲ್ಲಿ ಇಲ್ಲಿ ಅದರ ತಯಾರಿಕೆ ನಿಂತಿತಾದರೂ ರಸ್ತೆಯಲ್ಲಿ ಸಾಕಷ್ಟು ಪೋಲೊಗಳಿರುವುದರಿಂದ ಸಾಮಾನ್ಯ ಬಿಡಿಭಾಗಗಳಿಗೆ ಸದ್ಯ ತೊಂದರೆಯಿಲ್ಲ. ಹಿಂದೆ ಇಲ್ಲಿಯೂ ಡ್ರಮ್ಮೇ.

ಅಬಾರ್ಥ್ ಪುಂಟೊ ಮತ್ತು ಬಲೆನೊ ಆರ್‌ಎಸ್

2015ರ ಅಕ್ಟೋಬರಿನಲ್ಲಿ ಬಂದ ಅಬಾರ್ಥ್ ಪುಂಟೊ ಆ ಹೊತ್ತಿಗೆ ಹತ್ತು ಲಕ್ಷದೊಳಗೆ 145 ಅಶ್ವಶಕ್ತಿ, 212 ನ್ಯೂಟನ್ ಮೀಟರ್ ಟಾರ್ಕ್, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಕೊಟ್ಟ ಕಾರು. ಹೈಡ್ರಾಲಿಕ್ ಸ್ಟೀರಿಂಗ್ ಆಗಿರುವುದರಿಂದ ಮುಂದಿನ ಟೈರು ಹಿಡಿತ ಕಳೆದುಕೊಳ್ಳುವ ಕ್ಷಣ ಅಂಗೈಗೇ ತಿಳಿಯುತ್ತದೆ. ಈಗಿನ ಕಾರುಗಳಲ್ಲಿ ಅಂತಹ ಸ್ಪರ್ಶ ಅಪರೂಪ. ಈ ಪಟ್ಟಿಯಲ್ಲಿ ಮನಸ್ಸಿಗೆ ಹತ್ತಿರವಾದ ಕಾರು ಯಾವುದೆಂದು ಕೇಳಿದರೆ ಇದನ್ನೇ ಹೇಳುತ್ತೇನೆ, ಕೊಳ್ಳಿರಿ ಎಂದು ಮಾತ್ರ ಹೇಳಲಾರೆ. ಫಿಯಟ್ ಹೆಸರಿನ ಕಾರುಗಳು ನಮ್ಮ ಮಾರುಕಟ್ಟೆಯಿಂದಲೇ ಮರೆಯಾಗಿವೆ, ಮಾರಾಟವಾದ ಅಬಾರ್ಥ್‌ಗಳ ಸಂಖ್ಯೆಯೂ ಕಡಿಮೆ. ಗುದ್ದಿದ ಬಂಪರಿಗೋ ಒಡೆದ ಹೆಡ್‌ಲೈಟಿಗೋ ತಿಂಗಳುಗಟ್ಟಲೆ ಕಾಯುವ ಸಿದ್ಧತೆ, ಲೀನಿಯಾ ಟಿ-ಜೆಟ್‌ನಂತಹ ಸಂಬಂಧಿ ಕಾರುಗಳಿಂದ ಯಾವ ಭಾಗ ಹೊಂದುತ್ತದೆಂಬ ತಿಳಿವಳಿಕೆ, ಆ ಎಂಜಿನ್ ಬಿಚ್ಚಿ ಅಭ್ಯಾಸವಿರುವ ಒಬ್ಬ ಮೆಕ್ಯಾನಿಕ್, ಈ ಮೂರೂ ಇರುವವರಿಗೆ ಮಾತ್ರ ಅದು ಟ್ರ್ಯಾಕ್ ಕಾರು. ಉಳಿದವರಿಗೆ ಅದು ಜೋಪಾನವಾಗಿ ಇಟ್ಟುಕೊಳ್ಳುವ ಕಾರು.

ಹೆಚ್ಚು ಸದ್ದು ಮಾಡದೆ 2017ರಲ್ಲಿ ಬಂದು 2020ರಲ್ಲಿ ಹೋದ ಬಲೆನೊ ಆರ್‌ಎಸ್ ಅನ್ನು ಜನ ಮರೆತಿದ್ದಾರೆ. ಒಂದು ಲೀಟರಿನ ಟರ್ಬೊ, 102 ಅಶ್ವಶಕ್ತಿ, ತೂಕ ಕೇವಲ 950 ಕಿಲೊ, ಹಿಂದೆಯೂ ಡಿಸ್ಕ್, ಮ್ಯಾನುಯಲ್ ಗೇರ್. ಟನ್ನಿಗೆ 107 ಅಶ್ವಶಕ್ತಿ ಎಂದರೆ ಇಲ್ಲಿಯವರೆಗಿನ ಲೆಕ್ಕದಲ್ಲಿ ಅಬಾರ್ಥ್ ಬಿಟ್ಟರೆ ಇದೇ ಮುಂದು. ದೇಹದ ಬಹುಪಾಲು ಭಾಗಗಳು ಸಾಮಾನ್ಯ ಬಲೆನೊದವೇ. ಎಂಜಿನ್ನಿನ ಭಾಗಗಳಿಗೆ ಮಾತ್ರ ಹುಡುಕಾಟ ಬೇಕಾದೀತು. ಸ್ಟೀರಿಂಗ್ ಸಪ್ಪೆ, ಸಸ್ಪೆನ್ಷನ್ ಮೆತ್ತಗೆ. ಎರಡನೆಯದನ್ನು ಹಣದಿಂದ ಸರಿಪಡಿಸಬಹುದು, ಮೊದಲನೆಯದನ್ನು ಆಗುವುದಿಲ್ಲ. ಸುಸ್ಥಿತಿಯಲ್ಲಿ ಒಂದು ಸಿಕ್ಕರೆ ಪೋಲೊವನ್ನು ಬಿಟ್ಟು ಇದನ್ನು ಕೊಳ್ಳುವ ಧೈರ್ಯ ನನಗಿದೆ.

ಹೊಸ ಕಾರುಗಳು

ಐ20 ಎನ್ ಲೈನ್ ಮತ್ತು 2024ರ ಜೂನಿನಲ್ಲಿ ಬಂದ ಆಲ್ಟ್ರೋಜ್ ರೇಸರ್ ಎರಡಕ್ಕೂ 120 ಅಶ್ವಶಕ್ತಿ. ಟಾರ್ಕ್ ಒಂದಕ್ಕೆ 172, ಇನ್ನೊಂದಕ್ಕೆ 170. ಕಾಗದದ ಮೇಲೆ ಅವಳಿಗಳು. ಎನ್ ಲೈನ್‌ಗೆ ನಾಲ್ಕೂ ಕಡೆ ಡಿಸ್ಕ್ ಇದೆ. ಅದರ 2021ರ ಮೊದಲ ಕಾರುಗಳಲ್ಲಿ ಕ್ಲಚ್ ಪೆಡಲ್ ಇಲ್ಲದ ಐಎಂಟಿ ಗೇರ್‌ಬಾಕ್ಸ್ ಇದ್ದದ್ದು, 2023ರ ಪರಿಷ್ಕರಣೆಯಲ್ಲಿ ಸರಿಯಾದ ಆರು ಗೇರಿನ ಮ್ಯಾನುಯಲ್ ಆಗಿ ಬದಲಾಯಿತು. ಹಳೆಯದನ್ನು ಕೊಳ್ಳುವವರು ಇದನ್ನು ಗಮನಿಸಬೇಕು. ವಾರಂಟಿ ಇರುವ ಕಾರನ್ನು ಮಾರ್ಪಡಿಸಿದರೆ ವಾರಂಟಿ ಕೈಬಿಡುವ ಭಯ, ಟ್ರ್ಯಾಕ್‌ನಲ್ಲಿ ವಿಮೆ ಇಲ್ಲದ ಭಯ ಎರಡೂ ಸೇರುವುದರಿಂದ, ಹೊಸ ಕಾರಿನವರಿಗೆ ಪ್ಯಾಡ್ ಮತ್ತು ಬ್ರೇಕ್ ಆಯಿಲ್ ದಾಟಿ ಏನನ್ನೂ ಮುಟ್ಟಬೇಡಿರೆಂಬುದೇ ನನ್ನ ಸಲಹೆ.

ಹಣ ಸುರಿಯುವ ಕ್ರಮ

ಯಾವ ಕಾರಾದರೂ ಸರಿ, ಮೊದಲ ಖರ್ಚು ಬ್ರೇಕ್ ಆಯಿಲ್. ಡಾಟ್ 3 ಆಯಿಲ್ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯದೆ ಇರಬೇಕೆಂಬುದು ನಿಯಮ, ಡಾಟ್ 4ಕ್ಕೆ 230, ಡಾಟ್ 5.1ಕ್ಕೆ 260. ಆದರೆ ಈ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತಾ ಹೋಗುತ್ತದೆ. ತೇವ ತುಂಬಿದ ಡಾಟ್ 4 ಕುದಿಯಲು 155 ಡಿಗ್ರಿ ಸಾಕು. ನನ್ನ ಮೊದಲ ಟ್ರ್ಯಾಕ್ ಡೇಯಲ್ಲಿ ಮೂರು ವರ್ಷ ಹಳೆಯ ಆಯಿಲ್ ಇಟ್ಟುಕೊಂಡೇ ಇಳಿದಿದ್ದೆ. ಆರನೆಯ ಸುತ್ತಿನ ಕೊನೆಯಲ್ಲಿ ಪೆಡಲ್ ಮೆತ್ತಗಾಗಿ ನೆಲ ಮುಟ್ಟಿತು. ಎರಡು ಮೂರು ಬಾರಿ ತುಳಿದು, ಗೇರ್ ಇಳಿಸಿ, ಅಗಲವಾದ ಮಣ್ಣಿನ ಅಂಚು ಇದ್ದ ಪುಣ್ಯಕ್ಕೆ ಕಾರು ಅಲ್ಲಿ ನಿಂತಿತು. ಉಳಿಸಿದ್ದು ಕೆಲವು ನೂರು ರೂಪಾಯಿ. ಹೆಸರು ಹತ್ತಿರವಿದ್ದರೂ ಡಾಟ್ 5 ಎಂಬುದು ಸಿಲಿಕೋನ್ ದ್ರವ, ಅದನ್ನು ಉಳಿದವುಗಳೊಂದಿಗೆ ಬೆರೆಸಲೇಬಾರದು.

ನಂತರ ಹೆಚ್ಚು ಬಿಸಿ ತಾಳುವ ಮುಂದಿನ ಪ್ಯಾಡ್‌ಗಳು. ಪೂರ್ಣ ರೇಸ್ ಪ್ಯಾಡ್ ತಣ್ಣಗಿರುವಾಗ ಸರಿಯಾಗಿ ಹಿಡಿಯುವುದಿಲ್ಲ, ಕಿರುಗುಟ್ಟುತ್ತದೆ, ಡಿಸ್ಕ್ ತಿನ್ನುತ್ತದೆ. ಅದೇ ಕಾರಿನಲ್ಲಿ ಮನೆಗೆ ಬರುವವರಿಗೆ ರಸ್ತೆ ಮತ್ತು ಟ್ರ್ಯಾಕ್ ಎರಡಕ್ಕೂ ಒಗ್ಗುವ ಮಧ್ಯಮ ಬಗೆಯದೇ ಸರಿ. ಮೂರನೆಯದು ಟೈರ್. 2020ರ ಜೂನಿನಲ್ಲಿ ಟೈರ್ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿದ ಮೇಲೆ ಬೇಕೆಂದ ಟೈರು ಬೇಕೆಂದ ಅಳತೆಯಲ್ಲಿ ಸಿಗುವುದು ಕಷ್ಟವಾಯಿತು. ಅಬಾರ್ಥ್, ಬಲೆನೊ ಆರ್‌ಎಸ್, ಎನ್ ಲೈನ್‌ಗಳಿಗಿರುವ 195/55 ಆರ್16 ಅಳತೆಯಲ್ಲಿ ಆಯ್ಕೆ ತಕ್ಕಮಟ್ಟಿಗೆ ಇದೆ. ಟೈರು ಬಿಸಿಯಾದಂತೆ ಒಳಗಿನ ಒತ್ತಡ ಏರುವುದರಿಂದ ಪ್ರತಿ ಸರದಿ ಮುಗಿದ ಕೂಡಲೇ ಅಳೆದು ಗಾಳಿ ಇಳಿಸುವ ಅಭ್ಯಾಸ ಮಾಡಿಕೊಳ್ಳಬೇಕು.

ನಾಲ್ಕನೆಯದು ವೀಲ್ ಅಲೈನ್‌ಮೆಂಟ್, ಅದರಲ್ಲೂ ಮುಂದಿನ ಚಕ್ರಗಳ ಕ್ಯಾಂಬರ್. ಈ ಕಾರುಗಳೆಲ್ಲ ತಿರುವಿನಲ್ಲಿ ಮೂತಿ ಹೊರಗೆ ಎಳೆಯುವ ಸ್ವಭಾವದವು; ಚಕ್ರದ ಮೇಲ್ತುದಿಯನ್ನು ಎರಡು ಡಿಗ್ರಿಯಷ್ಟು ಒಳಕ್ಕೆ ವಾಲಿಸಿದರೆ ಹಿಡಿತ ಹೆಚ್ಚುತ್ತದೆ, ಟೈರಿನ ಹೊರ ಅಂಚು ಸವೆಯುವುದೂ ತಪ್ಪುತ್ತದೆ. ಕ್ಯಾಂಬರ್ ಬೋಲ್ಟ್‌ಗಳ ಬೆಲೆಗೆ ಇಷ್ಟು ಪ್ರಯೋಜನ ಬೇರೆ ಯಾವ ಭಾಗದಿಂದಲೂ ಬರುವುದಿಲ್ಲ. ಇದಾದ ಮೇಲೆ ಸಸ್ಪೆನ್ಷನ್. ಸ್ಪ್ರಿಂಗ್ ಕತ್ತರಿಸಿ ಕಾರು ತಗ್ಗಿಸುವ ಗ್ಯಾರೇಜುಗಳಿಂದ ದೂರವಿರಿ. ಎಂಜಿನ್ ಕೊನೆಗೆ.

ರೋಲ್ ಕೇಜ್ ಬಗ್ಗೆ ಒಂದು ಎಚ್ಚರಿಕೆ: ಹೆಲ್ಮೆಟ್ ಇಲ್ಲದೆ ರಸ್ತೆಯಲ್ಲಿ ಓಡಿಸುವ ಕಾರಿನೊಳಗೆ ಉಕ್ಕಿನ ಕೊಳವೆ ತಲೆಗೇ ಅಪಾಯ. ತಕ್ಕ ಸೀಟು ಇಲ್ಲದೆ ನಾಲ್ಕು ಪಟ್ಟಿಯ ಹಾರ್ನೆಸ್ ಕಟ್ಟಿಕೊಂಡರೆ ಅಪಘಾತದಲ್ಲಿ ದೇಹ ಪಟ್ಟಿಯ ಕೆಳಗೆ ಜಾರುತ್ತದೆ. ರಸ್ತೆಗೂ ಬಳಸುವ ಕಾರಿಗೆ ಕಂಪನಿ ಕೊಟ್ಟ ಮೂರು ಬಿಂದುವಿನ ಬೆಲ್ಟೇ ಸುರಕ್ಷಿತ.

ಇನ್ನು ಮೂವರ ಮಾತು. ಮೈಸೂರಿನವರು ಕಾರು ಬದಲಿಸುವ ಅಗತ್ಯವಿಲ್ಲ: ಬ್ರೇಕ್ ಆಯಿಲ್, ಪ್ಯಾಡ್, ಒಳ್ಳೆಯ ಟೈರ್, ಅಲೈನ್‌ಮೆಂಟ್, ಒಂದು ಹೆಲ್ಮೆಟ್, ಉಳಿದ ಹಣದಲ್ಲಿ ಮೂರು ನಾಲ್ಕು ಟ್ರ್ಯಾಕ್ ಡೇ, ಮೊದಲನೆಯದನ್ನು ಕರಿ ಸ್ಪೀಡ್‌ವೇಯಲ್ಲಿ ಮಾಡಲಿ. ಬೆಂಗಳೂರಿನ ಗೆಳೆಯರು ಏಳು ಲಕ್ಷವನ್ನೂ ಕಾರಿಗೇ ಸುರಿಯದೆ, ಎರಡು ಲಕ್ಷವನ್ನು ಮೊದಲ ವರ್ಷದ ಸವೆತಕ್ಕೆಂದು ತೆಗೆದಿಟ್ಟು, ಉಳಿದ ಐದರೊಳಗೆ ಸಿಗುವ ಕಾರನ್ನು ಹುಡುಕಲಿ. ಆ ಹಣಕ್ಕೆ ಮ್ಯಾನುಯಲ್ 1.0 ಟಿಎಸ್‌ಐ ಪೋಲೊ ಅಥವಾ ಬಲೆನೊ ಆರ್‌ಎಸ್ ಸಿಕ್ಕರೆ ಸರಿ. ಸಿಗದೆ ಡಿಎಸ್‌ಜಿ ಪೋಲೊ ಮಾತ್ರ ಎದುರು ನಿಂತರೆ ಸ್ವಿಫ್ಟ್‌ಗೆ ಇಳಿದು, ಮಿಕ್ಕ ಹಣವನ್ನು ಸಸ್ಪೆನ್ಷನ್ನಿಗೆ ಹಾಕಲಿ. ಹುಬ್ಬಳ್ಳಿಯವರ ಲೆಕ್ಕ ಬೇರೆ. ಅವರಿಗೆ ಟ್ರ್ಯಾಕ್ ಏಳುನೂರು ಕಿಲೊಮೀಟರ್ ದೂರ, ವರ್ಷಕ್ಕೆ ಒಂದೆರಡು ಬಾರಿಗಿಂತ ಹೆಚ್ಚು ಹೋಗಲಾರರು. ಹಾಗಾಗಿ ದಿನನಿತ್ಯಕ್ಕೆ ಮನಸ್ಸಿಗೊಪ್ಪಿದ ಕಾರನ್ನೇ ಕೊಳ್ಳಲಿ. ಎರಡೂ ಸಮ ಎನಿಸಿದರೆ, ಹಿಂದಿನ ಡಿಸ್ಕ್ ಇರುವ ಕಾರಣಕ್ಕೆ, ಎನ್ ಲೈನ್ ಮ್ಯಾನುಯಲ್.